ಏನೂ ತಿಳಿಯದ ಓದುಗ

"ಮೊದಲನೇ ಪುಟಾನೇ ನನ್ನ ತಲೆಗೆ ಹತ್ತಲಿಲ್ಲ ಮೇಡಂ!"

ಶಶಿರೇಖಾಗೆ ಮೈಯೆಲ್ಲ ಉರಿದುಹೋಯಿತು. ಯಲಹಂಕದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾ, ವರ್ಷವಿಡೀ ನಿದ್ದೆಗೆಟ್ಟು ಬರೆದ ಪುಸ್ತಕ! ಅದರ ತುಂಬ ಕೆಂಪು ಗುರುತು ಹಾಕಿ, ಎದುರಿಗೆ ಕೂತು ಹಲ್ಲು ಬೇರೆ ಕಿರಿಯುತ್ತಿದ್ದಾನೆ ಈ ಮನುಷ್ಯ!

"ನಿಮ್ಮದು ಯಾವ ಸಬ್ಜೆಕ್ಟು?"

"ಇತಿಹಾಸ. ಮಹೇಂದ್ರ ಅಂತ, ದಾಸರಹಳ್ಳಿ ಕಾಲೇಜಲ್ಲಿ ಮೇಷ್ಟ್ರು."

"ಇತಿಹಾಸದೋರಿಗೆ ನನ್ನ ಪುಸ್ತಕ ಯಾಕೆ ಕೊಟ್ರಿ ಸಾರ್?"

ಪ್ರಕಾಶಕ ಶಿವರಾಮ್ ನಕ್ಕರು. ಗಂಗಾನಗರದ ಆ ಪುಟ್ಟ ಆಫೀಸಿನಿಂದ ಅವರು ಮಕ್ಕಳಿಗಾಗಿ ಒಂದೊಂದು ವಿಷಯಕ್ಕೂ ಒಂದೊಂದು ಪರಿಚಯ ಪುಸ್ತಕ ತರಲು ಹೊರಟಿದ್ದರು.

"ಆ ವಿಷಯ ಏನೂ ಗೊತ್ತಿಲ್ಲದೋರೇ ಮೊದಲು ಓದ್ಬೇಕಮ್ಮ, ಅದು ನಮ್ಮ ಪದ್ಧತಿ. ತಿಳೀದೇ ಇರೋ ಕಡೆ ಗುರುತು ಹಾಕ್ತಾರೆ. ಅವರಿಗೆ ತಿಳಿಯೋವರೆಗೂ ನೀವು ಎದುರಿಗೆ ಕೂತು ಹೇಳಿ, ಆಮೇಲೆ ಹಾಗೇ ತಿದ್ದಿ ಬರೀಬೇಕು."

ಅಂದಿನಿಂದ ಅವಳ ಶನಿವಾರದ ಮಧ್ಯಾಹ್ನಗಳು ಮಹೇಂದ್ರನ ಪಾಲಾದವು.

"ಜಡತ್ವ ಅಂದ್ರೆ ಏನ್ರೀ?"

"ಹೆಬ್ಬಾಳದಲ್ಲಿ ಬಸ್ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ್ರೆ ಎಲ್ಲಿಗೆ ಬೀಳ್ತೀರಾ?"

"ಮುಂದೆ ನಿಂತಿರೋ ಅಜ್ಜಿ ಮೇಲೆ!"

"ಬಸ್ ನಿಂತ್ರೂ ನಿಮ್ಮ ಮೈ ಮುಂದಕ್ಕೆ ಹೋಗುತ್ತಲ್ಲ, ಅದೇ."

"ಹಿಂಗೇ ಬರೀರಿ ಮತ್ತೆ!"

ಅವಳು ಹಾಗೇ ಬರೆದಳು. ಪುಸ್ತಕ ತಿಳಿಯಾಗುತ್ತಾ ಹೋಯಿತು, ಬರೆದವಳ ಮನಸ್ಸು ಮಾತ್ರ ಕಲಕುತ್ತಾ ಹೋಯಿತು. ಶನಿವಾರ ಬಂದರೆ ಸಾಕು, ಯಾವ ಸೀರೆ ಉಡಲಿ ಅಂತ ಬೆಳಗಿನಿಂದಲೇ ಯೋಚನೆ!

ಅಷ್ಟರಲ್ಲಿ ಅಮ್ಮ ವಿದ್ಯಾರಣ್ಯಪುರದ ಸಂಬಂಧವೊಂದನ್ನು ಹಿಡಿದು ತಂದರು. ಭಾನುವಾರ ಹೆಣ್ಣು ನೋಡಲು ಬರುತ್ತಾರಂತೆ!

'ಅದಕ್ಕೆ ಮುಂಚೆ ಮಹೇಂದ್ರನ ಮನಸ್ಸು ಕೇಳಿಬಿಡಬೇಕು... ಅವರು ಹೂಂ ಅಂದರೆ ಅಮ್ಮನಿಗೆ ಬೇಡ ಅನ್ನುವ ಧೈರ್ಯ ನನಗೂ ಬರುತ್ತೆ.'

ಹಾಗಂದುಕೊಂಡು ಶನಿವಾರ ಆಫೀಸಿಗೆ ಹೋದರೆ, ಅವನ ಕುರ್ಚಿಯಲ್ಲಿ ಸಮಾಜಶಾಸ್ತ್ರ ಕಲಿಸುವ ರಾಧಾಮಣಿ ಎಂಬವರು ಅವಳ ಪುಸ್ತಕ ಹಿಡಿದು ಕೂತಿದ್ದರು.

"ಮಹೇಂದ್ರ ನಿಮ್ಮ ಪುಸ್ತಕ ಓದಲ್ಲ ಅಂದ್ಬಿಟ್ರಮ್ಮ," ಎಂದರು ಶಿವರಾಮ್. "ಕಾರಣ ಅವರನ್ನೇ ಕೇಳಿ. ಕೆಳಗೆ ಹೋಟ್ಲಲ್ಲಿ ಕಾಫಿ ಕುಡೀತಿದಾರೆ."

ಓದಲ್ಲ ಅಂದರಾ?... ಹಾಗಾದರೆ ಇಷ್ಟು ದಿನದ ನಗು, ಮಾತು? ಕಣ್ಣೊರೆಸಿಕೊಂಡು ದಡದಡ ಮೆಟ್ಟಿಲಿಳಿದಳು.

"ನನ್ನ ಕಂಡ್ರೆ ಬೇಜಾರಾಗಿದ್ರೆ ನನಗೇ ಹೇಳ್ಬಹುದಿತ್ತು!"

"ಬೇಜಾರಾ?" ಮಹೇಂದ್ರ ಲೋಟ ಕೆಳಗಿಟ್ಟ. "ಅಯ್ಯೋ... ನಿಮ್ಮೆದುರು ದಡ್ಡ ಅನ್ನಿಸ್ಕೋಬಾರದು ಅಂತ ಮನೇಲಿ ಪಿಯುಸಿ ಫಿಸಿಕ್ಸ್ ಓದೋಕೆ ಶುರು ಮಾಡ್ದೆ ಕಣ್ರೀ. ಹೋದ ವಾರ ನಿಮ್ಮ ಬೆಳಕಿನ ಪಾಠದಲ್ಲಿ ನನಗೆ ತಿಳೀದೇ ಇರೋದು ಏನೂ ಇರ್ಲಿಲ್ಲ."

"ಪುಟದ ತುಂಬ ಗುರುತು ಹಾಕಿದ್ರಲ್ಲ?"

"ಎಲ್ಲಾ ಸುಳ್ಳು! ಇಲ್ಲಾಂದ್ರೆ ನೀವು ಬೇಗ ಎದ್ದು ಹೋಗ್ತಿದ್ರಿ..." ಅವನು ತಲೆ ತಗ್ಗಿಸಿದ. "ಆದ್ರೆ ಮಕ್ಕಳು ಎಲ್ಲಿ ಎಡವ್ತಾರೆ ಅಂತ ಈಗ ನನಗೆ ಗೊತ್ತಾಗಲ್ಲ. ನನ್ನನ್ನ ನಂಬಿದ್ರೆ ನಿಮ್ಮ ಪುಸ್ತಕ ಕೆಡುತ್ತೆ. ಅದಕ್ಕೇ ಬಿಟ್ಟೆ."

ಶಶಿರೇಖಾಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಕೋಪ ಎಲ್ಲಿ ಹೋಯಿತೋ!

"ಪುಸ್ತಕ ಬಿಟ್ರಿ ಸರಿ. ನನ್ನನ್ನ?"

"ಅದು ನನ್ನಿಂದಾಗಲ್ಲ."

"ನಾಳೆ ಗಂಡಿನ ಕಡೆಯೋರು ನನ್ನ ನೋಡೋಕೆ ಬರ್ತಿದಾರೆ. ಏನ್ಮಾಡ್ಲಿ ಹೇಳಿ."

"ಬೇಡ ಅನ್ನಿ! ನನ್ನನ್ನ ಮದುವೆ ಆಗಿ. ನಮ್ಮಮ್ಮನ್ನ ಕರ್ಕೊಂಡು ಇವತ್ತೇ ಬರ್ತೀನಿ!"

ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಶಶಿರೇಖಾ ನಾಚಿದಳು, ಆದರೂ ಅಲ್ಲೇ ನಿಂತು ಫೋನ್ ಮಾಡಿದಳು.

"ಅಮ್ಮಾ, ನಾಳೆ ಯಾರೂ ಬರೋದು ಬೇಡ. ನಾನು ಒಬ್ಬರನ್ನ ಒಪ್ಪಿದೀನಿ."

"ಯಾರೇ ಅದು? ಏನ್ ಓದಿದಾನೆ?"

"ಇತಿಹಾಸ, ಅಮ್ಮ." ಅವಳು ಮಹೇಂದ್ರನನ್ನೇ ನೋಡಿದಳು. "ನನಗೋಸ್ಕರ ಫಿಸಿಕ್ಸೂ ಓದಿದಾರೆ."

ಫೋನಿನಲ್ಲಿ ಬಹಳ ಹೊತ್ತು ಜೋರು ಮಾತು ನಡೆಯಿತು. ಕೊನೆಗೆ ಅವಳು ಮೆಲ್ಲಗೆ ನಕ್ಕಳು.

"ಏನಂದ್ರು?"

"ಸಾಯಂಕಾಲ ಬರೋಕೆ ಹೇಳು ಅಂದ್ರು."

"ಕೋಪ ಇದೆಯಾ?"

"ಇದೆ. ನೀವು ಬನ್ನಿ... ನಾನಿದೀನಲ್ಲ."