ಉಲ್ಕೆ ಅಂದದ್ದು ಯಾರಿಗೂ ಕೇಳಲಿಲ್ಲ

ಮಂಗಳವಾರ ಬೆಳಿಗ್ಗೆ ಸ್ಫೂರ್ತಿ ಎರಡನೇ ಪಿಯುಸಿ ತರಗತಿಗೆ ಕಾಲಿಟ್ಟಾಗ ಬೋರ್ಡಿನ ಮೇಲೆ ಒಂದು ಹಾರುವ ತಟ್ಟೆ ಇತ್ತು. ಮೂರು ಕಿಟಕಿ, ಕೆಳಗೊಂದು ಏಣಿ, ಏಣಿಯ ಮೇಲೆ ಸೀರೆ ಉಟ್ಟ ಹೆಂಗಸು.

ಅವಳು ಡಸ್ಟರ್ ಎತ್ತಿ ಒರೆಸಿದಳು. ಬೆನ್ನ ಹಿಂದೆ ಯಾರೋ ಸಣ್ಣಗೆ, "ಯುಎಫ್‌ಓ ಕಣ್ರೀ ಅದು" ಎಂದರು. ಅವಳದೇ ದನಿಯ, ಅವಳದೇ ರಾಗದ ಅನುಕರಣೆ. ತರಗತಿ ನಕ್ಕಿತು.

ಸವಳಂಗ ರಸ್ತೆಯ ಆ ಕಾಲೇಜಿನಲ್ಲಿ ಅವಳು ಏಳು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದಳು. ಏಳು ವರ್ಷ ಹೇಳಿದ್ದು ಯಾರ ತಲೆಯಲ್ಲೂ ನಿಂತಂತಿರಲಿಲ್ಲ. ಹನ್ನೊಂದು ಸೆಕೆಂಡಿನ ಮಾತು ಮಾತ್ರ ಎಲ್ಲರಿಗೂ ಬಾಯಿಪಾಠವಾಗಿತ್ತು.

ನಡೆದದ್ದು ಇಷ್ಟು. ಭಾನುವಾರ ಸಂಜೆ ಅವಳನ್ನು ನೋಡಲು ಭದ್ರಾವತಿಯಿಂದ ಗಂಡಿನ ಕಡೆಯವರು ರವೀಂದ್ರನಗರದ ಮನೆಗೆ ಬಂದಿದ್ದರು. ಹುಡುಗ ಶಿವಯೋಗಿಗೆ ಒಂದು ಫೌಂಡ್ರಿಯಲ್ಲಿ ಎರಕದ ಗುಣಮಟ್ಟ ಪರೀಕ್ಷಿಸುವ ಕೆಲಸ. ಜೊತೆಗೆ ತಾಯಿ ಉಮಾಮಹೇಶ್ವರಿ, ತಂಗಿ ಅಕ್ಷರಾ. ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ ಸ್ಫೂರ್ತಿಯ ಅಪ್ಪ ಷಣ್ಮುಖಪ್ಪ, ಇಂಥ ಹೊತ್ತಿನಲ್ಲಿ ಎಲ್ಲ ಅಪ್ಪಂದಿರೂ ಹೇಳುವಂತೆ, "ಇಬ್ರೂ ಟೆರೇಸ್ ಮೇಲೆ ಹೋಗಿ ಹತ್ತು ನಿಮಿಷ ಮಾತಾಡ್ಕೊಂಡು ಬನ್ನಿ" ಎಂದರು.

ಮೇಲೆ ಹೋದ ಹುಡುಗನಿಗೆ ಮಾತೇ ಹೊರಡಲಿಲ್ಲ. ಫೋನ್ ತೆಗೆದು ಸಂಜೆಗೆಂಪಿನ ವಿಡಿಯೊ ಮಾಡುತ್ತ ನಿಂತ. ಆರು ನಲವತ್ತೊಂದಕ್ಕೆ ಆ ಬೆಳಕು ಬಂತು.

ಉಲ್ಕೆ ಎಂದರೆ ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಅಳಿಸಿಹೋಗುವ ಗೀಟು ಎಂದೇ ಸ್ಫೂರ್ತಿಯೂ ತಿಳಿದಿದ್ದಳು, ಕಲಿಸಿದ್ದಳು. ಇದು ಹಾಗಿರಲಿಲ್ಲ. ಹಸಿರು ಬಣ್ಣದ್ದು, ವಾಯವ್ಯದಿಂದ ಅಡ್ಡಡ್ಡಲಾಗಿ, ಸದ್ದಿಲ್ಲದೆ, ಯಾರದೋ ಮನೆ ಹುಡುಕುವಂತೆ ನಿಧಾನವಾಗಿ ಹೋಯಿತು. ಅವಳ ಬಾಯಿಂದ ಬಂದದ್ದು: "ಅಯ್ಯೋ, ವಿಮಾನ ಅಲ್ಲ. ಯುಎಫ್‌ಓ ಕಣ್ರೀ ಅದು."

ಮೂರು ಸೆಕೆಂಡಿನಲ್ಲಿ ಅದು ತುಂಡುತುಂಡಾಗತೊಡಗಿತು. ಅವಳೂ ತಕ್ಷಣ ತಿದ್ದಿಕೊಂಡಳು. ಆದರೆ ಊರಿಗೆ ಸಿಕ್ಕಿದ ಹನ್ನೊಂದು ಸೆಕೆಂಡಿನ ವಿಡಿಯೊ ಅವಳು ತಿದ್ದಿಕೊಳ್ಳುವ ಮೊದಲೇ ನಿಂತಿತ್ತು. ಅಕ್ಷರಾ ಅದನ್ನು ಸ್ಟೇಟಸ್‌ಗೆ ಹಾಕಿದಳು, ಅಲ್ಲಿಂದ ಯಾರೋ ಎತ್ತಿಕೊಂಡರು. ಸೋಮವಾರ ಮಧ್ಯಾಹ್ನ ಒಂದು ಯೂಟ್ಯೂಬ್ ಚಾನೆಲ್, "ಏಲಿಯನ್ ಬಂದಿದ್ದು ನಿಜ ಎಂದ ಭೌತಶಾಸ್ತ್ರ ಉಪನ್ಯಾಸಕಿ" ಎಂದು ಕೆಂಪಕ್ಷರದಲ್ಲಿ ಬರೆಯಿತು. ಏಲಿಯನ್ ಎಂಬ ಪದವನ್ನು ಅವಳು ಉಸುರಿಯೂ ಇರಲಿಲ್ಲ.

ಪ್ರಿನ್ಸಿಪಾಲ್ ವಿಜಯಕುಮಾರ್ ಕರೆಸಿದರು. "ಪೇರೆಂಟ್ಸ್ ಫೋನ್ ಮಾಡ್ತಿದಾರೆ ಮೇಡಂ. ಈ ಸಲ ವಿಜ್ಞಾನ ಪ್ರದರ್ಶನ ಕೆಮಿಸ್ಟ್ರಿಯವರು ನೋಡ್ಕೊಳ್ಲಿ."

"ಉಲ್ಕೆ ಅಂತಾನೂ ಹೇಳಿದೀನಿ ಸಾರ್."

"ವಿಡಿಯೊದಲ್ಲಿ ಅದಿಲ್ವಲ್ಲ."

"ಪೂರ್ತಿ ವಿಡಿಯೊ ತಂದ್ರೆ?"

"ತನ್ನಿ. ಗುರುವಾರ ಪ್ರದರ್ಶನದ ಕಮಿಟಿ ಇದೆ."

ಆ ಪ್ರದರ್ಶನ ಅವಳೇ ಶುರುಮಾಡಿದ್ದು. ಶಿವಯೋಗಿಗೆ ಸೋಮವಾರ ಎರಡು, ಮಂಗಳವಾರ ಮೂರು ಮೆಸೇಜ್ ಕಳಿಸಿದಳು: ಪೂರ್ತಿ ವಿಡಿಯೊ ಕೊಡಿ. ಐದಕ್ಕೂ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಓದಿದ್ದಾನೆ, ಓದಿ ಸುಮ್ಮನಿದ್ದಾನೆ. ಬುಧವಾರ ಕೊನೆಯ ಪೀರಿಯಡ್ ಮುಗಿಸಿ ಅವಳು ಸ್ಕೂಟರನ್ನು ಭದ್ರಾವತಿ ಕಡೆಗೆ ತಿರುಗಿಸಿದಳು.

ಫೌಂಡ್ರಿಯ ಗೇಟಿಗೆ ಅವನು ಬಂದಾಗ ಕೆಲಸದ ಕನ್ನಡಕ ತೆಗೆದ ಗುರುತು ಮುಖದ ಮೇಲೆ ಉಂಗುರದಂತೆ ಉಳಿದಿತ್ತು. ರೆಪ್ಪೆಯ ಮೇಲೆ ಕಪ್ಪು ಧೂಳು. ಇಷ್ಟು ಉದ್ದದ ರೆಪ್ಪೆಯನ್ನು ಭಾನುವಾರ ಗಮನಿಸಿರಲಿಲ್ಲವಲ್ಲ ಎನಿಸಿತು. ಎನಿಸಿದ್ದಕ್ಕೆ ಅವಳ ಸಿಟ್ಟು ಇನ್ನಷ್ಟಾಯಿತು.

"ಮಜಾ ತಗೊಳ್ತಿದೀರಾ?"

"ಟೀ ಕುಡೀರಿ ಮೊದ್ಲು. ಬಿಸಿಲಲ್ಲಿ ಬಂದಿದೀರಿ."

"ನಂಗೆ ಟೀ ಬೇಡ. ನನ್ನ ಮಾತು ನಂಗೆ ಬೇಕು. ಹೇಳಿದ್ದು ಎರಡು ಮಾತು, ನೀವು ಊರಿಗೆಲ್ಲ ಹಂಚಿದ್ದು ಒಂದೇ."

"ನಾನು ಹಂಚಿಲ್ಲ. ಅಕ್ಷರಾ ನನ್ನ ಫೋನಿಂದ ತಗೊಂಡು..."

"ಕತ್ತರಿಸಿದ್ದು ಅವರು. ಮುಚ್ಚಿಟ್ಟಿದ್ದು ನೀವು. ಐದು ಮೆಸೇಜ್ ಹಾಕಿದೀನ್ರೀ. ಕಾಲೇಜಲ್ಲಿ ನನ್ನನ್ನ ಏಣಿ ಮೇಲೆ ನಿಲ್ಲಿಸಿ ಚಿತ್ರ ಬರೀತಿದಾರೆ."

ಅವನು ನೆಲ ನೋಡಿದ. ಕಿವಿ ಕೆಂಪಾಯಿತು. ಗೇಟಿನೆದುರಿನ ಟೀ ಅಂಗಡಿಯ ದುರ್ಗಮ್ಮ, ಕೇಳದೆಯೇ ಎರಡು ಲೋಟ ತಂದಿಟ್ಟು, "ಕುಡ್ಕೊಂಡು ಬಯ್ಯವ್ವ, ಗಂಟ್ಲು ಒಣಗ್ತದೆ" ಎಂದು ಹೋದಳು.

ಶಿವಯೋಗಿ ಫೋನನ್ನು ಬೆಂಚಿನ ಮೇಲಿಟ್ಟು ಅವಳ ಕಡೆ ತಳ್ಳಿದ. "ಪೂರ್ತಿ ಇದೆ. ನೀವೇ ನೋಡಿ. ಆಮೇಲೆ ಏನು ಬೇಕಾದ್ರೂ ಬಯ್ರಿ."

ಸಂಜೆಗೆಂಪು, ಬೆಳಕು, ಅವಳ "ಯುಎಫ್‌ಓ". ಮರುಕ್ಷಣವೇ ಅವಳದೇ ದನಿ, ಸ್ಪಷ್ಟವಾಗಿ: "ಇಲ್ಲ ಇಲ್ಲ, ನಾನು ಹೇಳಿದ್ದು ತಪ್ಪು. ತುಂಡಾಗ್ತಿದೆ ನೋಡಿ. ಉಲ್ಕೆ ಇದು, ಉಲ್ಕೆ." ಬಳಿಕ ಮೆಟ್ಟಿಲಿಳಿದು ಓಡುವ ಸದ್ದು, "ಅಪ್ಪಾ, ಬೇಗ ಬನ್ನಿ" ಎಂಬ ಕೂಗು. ಅವಳ ಎದೆ ಹಗುರಾಯಿತು. ಫೋನ್ ವಾಪಸ್ ಕೊಡಲು ಹೊರಟಳು.

"ಇನ್ನೂ ಇದೆ" ಎಂದ ಅವನು.

ಚಿತ್ರದಲ್ಲಿ ಈಗ ಟೆರೇಸಿನ ನೆಲ, ಅವನ ಕಾಲುಚೀಲ. ಮೇಲೆ ಬಂದ ಅಕ್ಷರಾಳ ದನಿ: "ಹೇಳಿದ್ಯೇನೋ ಅಣ್ಣ, ಬೇಡ ಅಂತ?"

"ಇಲ್ಲ."

"ಮತ್ತೆ? ಅದನ್ನ ಹೇಳೋಕೇ ಬರ್ತೀನಿ ಅಂದಿದ್ದೆಯಲ್ಲ."

"ಇನ್ನು ಹೇಳಲ್ಲ ಮಾರಾಯ್ತಿ. ತಾನು ಹೇಳಿದ್ದು ತಪ್ಪು ಅಂತ ಮೂರು ಸೆಕೆಂಡಲ್ಲಿ ಒಪ್ಕೊಂಡ್ರು. ನಮ್ಮನೇಲಿ ಮೂರು ವರ್ಷ ಆದ್ರೂ ಯಾರೂ ಒಪ್ಕೊಳ್ಳಲ್ಲ. ಇವರ ಜೊತೆ ಬದುಕಬಹುದು."

ವಿಡಿಯೊ ಮುಗಿಯಿತು.

"ಅಂದ್ರೆ," ಸ್ಫೂರ್ತಿ ನಿಧಾನವಾಗಿ ಹೇಳಿದಳು, "ಬೇಡ ಅಂತ ತೀರ್ಮಾನ ಮಾಡ್ಕೊಂಡು ಬಂದು ನಮ್ಮನೆ ಕೇಸರಿಬಾತು ತಿಂದ್ರಿ."

"ಎರಡು ಸಲ ಹಾಕಿಸ್ಕೊಂಡೆ."

"ನಗಬೇಡಿ."

"ನಗ್ತಿಲ್ಲ. ಅದು ಹನ್ನೊಂದನೇ ಮನೆ. ಹೋಗಿ ಕೂರೋದು, ತಿನ್ನೋದು, ಆಮೇಲೆ ಅಮ್ಮ ಹುಡುಗೀರ ಬಣ್ಣ, ಎತ್ತರ ಮಾತಾಡೋದು. ನಂಗೆ ನಾಚಿಕೆ ಆಗಿತ್ತು. ಇದೊಂದು ಮನೇಲಿ ಹುಡುಗಿಗೇ ನೇರವಾಗಿ ಹೇಳಿ, ಈ ಸುತ್ತಾಟ ನಿಲ್ಲಿಸೋಣ ಅಂತ ಬಂದೆ."

"ಅದು ಅಮ್ಮಂಗೆ ಗೊತ್ತಾಗಬಾರ್ದು ಅಂತ ನನ್ನ ಮರ್ಯಾದೆ ಅಡ ಇಟ್ರಿ."

"ಹೌದು" ಎಂದ. ಸಬೂಬು ಹೇಳಲಿಲ್ಲ. ಅವನನ್ನು ಬಯ್ಯಲು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಅರ್ಧ ಆ ಒಂದು 'ಹೌದು'ಗೆ ಕೆಲಸಕ್ಕೆ ಬಾರದೆ ಹೋದವು. ಅದೂ ಅವಳಿಗೆ ಅನ್ಯಾಯವೆನಿಸಿತು.

ಅವಳು ಟೀ ಕುಡಿದಳು. ಕಮಿಟಿಗೆ ಬೇಕಿರುವುದು ಉಲ್ಕೆಯ ಮಾತು ಮಾತ್ರ. "ನಾನು ಮೆಟ್ಟಿಲಿಳಿಯೋವರೆಗೆ ಮಾತ್ರ ಕಳಿಸಿ. ಅಷ್ಟು ಸಾಕು. ಉಳಿದಿದ್ದು ನಿಮ್ಮನೆ ವಿಷಯ."

ಅವನು ಅವಳನ್ನು ಮೊದಲ ಸಲ ಕಣ್ಣಿಟ್ಟು ನೋಡಿದ. ಅವಳು ಲೋಟದೊಳಗೆ ನೋಡಿದಳು.

"ಬೇಡ" ಎಂದ. "ಮತ್ತೆ ಕತ್ತರಿಸಿದ್ರೆ, ಮುಂದೇನಿತ್ತು ಅಂತ ಕೇಳ್ತಾರೆ. ನನ್ನನ್ನಲ್ಲ, ನಿಮ್ಮನ್ನ ಕೇಳ್ತಾರೆ."

ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವನು ಪೂರ್ತಿ ವಿಡಿಯೊವನ್ನು ಅವಳಿಗೆ ಕಳಿಸಿದ. ಬಳಿಕ ಮನೆಯವರ ಗ್ರೂಪಿಗೆ, ಬಳಿಕ ಸ್ಟೇಟಸ್‌ಗೆ, ಕೊನೆಗೆ ಆ ಚಾನೆಲ್‌ನವರಿಗೆ. ಕೆಳಗೆ ಬರೆದ: ಭಾನುವಾರ ಸಂಜೆ 6.41. ಉಲ್ಕೆ. ಕೊನೇವರೆಗೂ ಕೇಳಿ.

ಸ್ಫೂರ್ತಿ ಪ್ರಿನ್ಸಿಪಾಲರಿಗೆ ಕಳಿಸಿದಳು. ಐದು ನಿಮಿಷದಲ್ಲಿ ಉತ್ತರ ಬಂತು. "ಪೂರ್ತಿ ಕೇಳಿದೆ ಮೇಡಂ. ಪ್ರದರ್ಶನ ನಿಮ್ಮದೇ. ನಾಳೆ ಕಮಿಟಿಗೆ ನಾನೇ ಹೇಳ್ತೀನಿ. ಹುಡುಗ ಪರವಾಗಿಲ್ಲ ಅನ್ಸುತ್ತೆ."

ಅವಳು ಅದನ್ನು ಅವನಿಗೆ ತೋರಿಸಲಿಲ್ಲ.

ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು. ಅಮ್ಮ. ಅವನು ಸ್ಪೀಕರ್ ಹಾಕಿ ಬೆಂಚಿನ ಮೇಲಿಟ್ಟ.

"ಏನೋ ಇದು? ಬೇಡ ಅನ್ನೋಕೆ ಹೋಗಿದ್ಯಾ? ನಿನ್ನ ಮಾವಂದಿರೆಲ್ಲ ಕೇಳ್ತಿದಾರೆ. ನಾನೇನು ಮುಖ ತೋರಿಸ್ಲಿ?"

"ಹೌದಮ್ಮ, ಹಾಗೇ ಹೋಗಿದ್ದೆ. ನಿಂಗೆ ಮೊದ್ಲೇ ಹೇಳ್ಬೇಕಿತ್ತು. ನಂದು ತಪ್ಪು."

ಆ ಮನೆಯಲ್ಲಿ 'ತಪ್ಪು' ಎಂಬ ಪದ ಅಪರೂಪ.

"ಈಗೇನಂತೆ ಮತ್ತೆ?" ದನಿ ತಗ್ಗಿತ್ತು.

"ಈಗ ಅವರು ಹೇಳ್ಬೇಕು. ಇಲ್ಲೇ ಇದಾರೆ."

ಸ್ಫೂರ್ತಿ ಫೋನಿನ ಕಡೆ ಬಾಗಿದಳು. ಅವನ ಭುಜಕ್ಕೂ ಅವಳ ಭುಜಕ್ಕೂ ನಡುವೆ ಒಂದು ಟೀ ಲೋಟದಷ್ಟು ಜಾಗ ಉಳಿಯಿತು. ಅವನು ಉಸಿರು ಹಿಡಿದದ್ದು ಅವಳಿಗೆ ತಿಳಿಯಿತು.

"ನಮಸ್ಕಾರ ಆಂಟಿ. ನಿಮ್ಮ ಮಗನ ಮೇಲೆ ನಂಗೆ ತುಂಬ ಸಿಟ್ಟಿದೆ."

"ಇರಬೇಕಾದ್ದೇ ಕಣಮ್ಮ."

"ಇಳಿಯೋಕೆ ಇನ್ನೂ ಕೆಲವು ದಿನ ಬೇಕು."

"ತಗೋ ತಾಯಿ."

"ಅದು ಇಳಿಯೋವರೆಗೆ," ಸ್ಫೂರ್ತಿ ಒಂದೊಂದೇ ಮಾತು ಬಿಡಿಸಿ ಹೇಳಿದಳು, "ಇವರನ್ನ ಹನ್ನೆರಡನೇ ಮನೆಗೆ ಕರ್ಕೊಂಡು ಹೋಗ್ಬೇಡಿ."