ಮೀನಿಗೆ ಹೊದಿಸಿದ ಕೌದಿ

ವಾಸುದೇವನ ಮೇಲೆ ನಲಿನಿಗೆ ಮನಸ್ಸಾದದ್ದು ಅವನ ಮುಖ ನೋಡಿ ಅಲ್ಲ. ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ನಿದ್ದೆಗೆಟ್ಟ ಕಣ್ಣು, ಮನಸ್ಸು ಬಂದಾಗ ಬೋಳಿಸುವ ಗಡ್ಡ. ಅವಳು ಸೋತದ್ದು ಅವನು ಮೀನುಗಳಿಗೆ ಕೌದಿ ಹೊದಿಸುವ ರೀತಿಗೆ.

ಮೆಹದಿಪಟ್ಟಣಂನ ಆ ಮನೆಯಲ್ಲಿ ಅವನು ಕೆಳಗೆ, ಅವಳು ಮೇಲಿನ ಬಾಡಿಗೆ ಕೋಣೆಯಲ್ಲಿ. ಅವನ ಹೆಂಡತಿ ಗೋದಾವರಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳು ಬಿಟ್ಟುಹೋದದ್ದು ಹಾಲ್‌ನ ಒಂದು ಗೋಡೆಯನ್ನೇ ತುಂಬಿದ್ದ ಅಕ್ವೇರಿಯಂ, ಅದರಲ್ಲಿ ತಾಟಿನಂತೆ ದುಂಡಗಿರುವ ಡಿಸ್ಕಸ್ ಮೀನುಗಳು. ಮಹಾ ನಾಜೂಕಿನ ಜಾತಿ. ನೀರು ಸದಾ ಒಂದೇ ಹದದಲ್ಲಿ ಬೆಚ್ಚಗಿರಬೇಕು. ತುಸು ತಣ್ಣಗಾದರೂ ಮೈ ಕಪ್ಪಾಗಿ ಮೂಲೆ ಹಿಡಿಯುತ್ತವೆ. ಎರಡು ಹೀಟರ್ ಇದ್ದವು ನಿಜ, ಆದರೆ ಆ ಚಳಿಗಾಲದಲ್ಲಿ ಬೆಳಗಾಗುತ್ತಲೇ ಕರೆಂಟು ಹೋಗುತ್ತಿತ್ತು.

ವಾಸುದೇವ ಕರೆಂಟು ಇರುವಾಗಲೇ ಹೊರಟು ಪಟಾನ್‌ಚೆರುವಿನ ಕಾರ್ಖಾನೆಗೆ ಬಸ್ಸು ಹಿಡಿಯುತ್ತಿದ್ದ. ಮೀನಿಗೆ ತಿನಿಸು ಹಾಕಲೆಂದು ನಲಿನಿಗೆ ಒಂದು ಬೀಗದ ಕೈ ಕೊಟ್ಟಿದ್ದ. ತಾನು ಪಾಠ ಹೇಳುವ ಶಾಲೆಗೆ ಹೊರಡುವ ಮೊದಲು ಅವಳು ಬೀಗ ತೆಗೆದರೆ ಕಾಣುತ್ತಿದ್ದದ್ದು ಗಾಜಿನ ಸುತ್ತ ಹೊದಿಸಿದ ದಪ್ಪ ಕೌದಿ. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದದ್ದು. ಮೂಲೆಗಳನ್ನು ಮಡಚಿ ಸಿಕ್ಕಿಸಿ, ಥರ್ಮಾಮೀಟರ್ ಇರುವಲ್ಲಿ ಮಾತ್ರ ಅಂಚು ತಿರುವಿ ಬಿಟ್ಟಿರುತ್ತಿತ್ತು, ನೋಡುವವರಿಗೆ ಕಾಣಲೆಂದು. ನೋಡುವವಳು ತಾನೊಬ್ಬಳೇ ಅಲ್ಲವೇ ಎಂದು ನಲಿನಿ ಒಳಗೊಳಗೇ ಹಿಗ್ಗುತ್ತಿದ್ದಳು. ಕರೆಂಟು ಬಂದ ಮೇಲೆ ಕೌದಿ ಮಡಚಿ ದಿವಾನದ ಮೇಲಿಟ್ಟು ಶಾಲೆಗೆ ಓಡುತ್ತಿದ್ದಳು.

ಕೆಲವು ದಿನ ಆ ಕೌದಿ, ಆಗತಾನೇ ಯಾರೋ ಹೊದ್ದು ಎದ್ದಂತೆ ಬಿಸಿಯಾಗಿರುತ್ತಿತ್ತು. ನೀರಿನ ಕಾವು ಎಂದುಕೊಳ್ಳುತ್ತಿದ್ದಳು. ಹೊರಮೈ ಏಕೆ ಹೆಚ್ಚು ಬಿಸಿ ಎಂದು ಯೋಚಿಸಲಿಲ್ಲ. ಮನಸ್ಸು ಕೊಟ್ಟವರಿಗೆ ಅಂಥ ಯೋಚನೆ ಬರುವುದು ಕಡಿಮೆ.

ಸಂಜೆ ಮೆಟ್ಟಿಲ ಬಳಿ ಎದುರಾದರೆ ಮೀನಿನ ಮಾತೇ. ನೀವು ಭಾಳ ಕಾಳಜಿ ತಗೋತೀರಿ ಎಂದು ಅವನು. ನಿಮ್ಮಷ್ಟಿಲ್ಲ ಎಂದು ಅವಳು. ಮಾತು ಮುಗಿದರೂ ಇಬ್ಬರೂ ಹೋಗುತ್ತಿರಲಿಲ್ಲ. ಅವನು ತನ್ನ ಚಪ್ಪಲಿ ನೋಡುತ್ತಿದ್ದ. ಅವಳು, ಚಪ್ಪಲಿ ನೋಡುತ್ತ ಕೆಂಪಾಗುವ ಅವನ ಕಿವಿ ನೋಡುತ್ತಿದ್ದಳು.

ಬೀದರದಿಂದ ಅಣ್ಣ ವೈಜನಾಥ ಒಂದು ಸಂಬಂಧ ಹಿಡಿದು ಬೆನ್ನು ಹತ್ತಿದ್ದ. ಹುಡುಗ ಒಳ್ಳೆಯವನು, ನಮ್ಮವರೇ, ಈ ಭಾನುವಾರ ಹೂಂ ಅಥವಾ ಉಹೂಂ ಹೇಳಿಬಿಡು ಎಂದಿದ್ದ. ನಲಿನಿ ಉಹೂಂ ಎನ್ನುವುದೆಂದು ನಿಶ್ಚಯಿಸಿದ್ದಳು. ಕಾರಣ ಕೇಳಿದರೆ ಒಂದು ಕೌದಿ ಎಂದು ಹೇಳುವುದು ಹೇಗೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಶನಿವಾರ ಬಂದ್ ಆಯಿತು. ಬಸ್ಸುಗಳಿಲ್ಲದೆ ವಾಸುದೇವ ವಾಪಸು ಬಂದ. ನಲಿನಿ ಕೆಳಗಿಳಿದಾಗ ಅವನು ಬೀಗ ತೆಗೆದು ಹೊಸ್ತಿಲಲ್ಲೇ ನಿಂತಿದ್ದ. ಒಳಗೆ ಕರೆಂಟಿರಲಿಲ್ಲ. ಅಕ್ವೇರಿಯಂ ಕೌದಿ ಹೊದ್ದುಕೊಂಡಿತ್ತು.

"ಇಷ್ಟು ಚಂದ ಹೊದಸೂದು ಯಾರು ಕಲಿಸ್ಯಾರ್ರಿ ನಿಮಗ?" ಎಂದಳು ಅವಳು, ಇವತ್ತಾದರೂ ಕೇಳಿಬಿಡೋಣ ಎಂದು.

ಅವನು ತಿರುಗಿದ. "ಹೊದಸೋರು ನೀವಲ್ಲೇನ್ರಿ? ನಾ ಹೋಗೂ ಮುಂದ ಕೌದಿ ದಿವಾನದ ಮ್ಯಾಲೇ ಇರ್ತದ."

"ನಾ ಬರೂದ್ರಾಗ ಹೊದಿಸಿರ್ತೈತಿ. ನಾ ಬರೇ ತಗೀತೀನ್ರಿ."

ಕೌದಿಯನ್ನು ಟ್ರಂಕಿನಿಂದ ತೆಗೆದವನೂ ತಾನಲ್ಲ ಎಂದು ಅವನು ನಿಧಾನವಾಗಿ ಹೇಳಿದ; ಹೆಂಡತಿ ಹೋದ ಮೇಲೆ ಮುಚ್ಚಿಟ್ಟದ್ದು, ನಲಿನಿಯೇ ಹುಡುಕಿ ತೆಗೆದಳೆಂದು ತಿಳಿದಿದ್ದ. ಥರ್ಮಾಮೀಟರ್ ಬಳಿ ತಿರುವಿದ ಅಂಚಿನ ಮೇಲೆ ಅವನ ಕಣ್ಣು ನಿಂತಿತು. ಗೋದಾವರಿ ಜ್ವರದಲ್ಲೂ ತನ್ನ ಮೈಮೇಲಿನದನ್ನು ತೆಗೆದು ಮೀನಿಗೆ ಹೊದಿಸುತ್ತಿದ್ದಳಂತೆ, ಹೀಗೆಯೇ ಅಂಚು ತಿರುವಿ. ಆ ಸಂದಿನಲ್ಲಿ ಮೀನುಗಳೆಲ್ಲ ಒತ್ತಾಗಿ ನಿಂತು ಅವರಿಬ್ಬರ ನಡುವಿನ ಖಾಲಿ ಜಾಗವನ್ನು ನೋಡುತ್ತಿದ್ದವು.

ನಲಿನಿಗೆ ಹೆದರಿಕೆಗಿಂತ ಮೊದಲು ಬಂದದ್ದು ಸಂಕಟ. ಇಷ್ಟು ದಿನ ತಾನು ಪ್ರೀತಿಸಿದ ಕೈ ಇವನದಲ್ಲ. ಹಾಗಾದರೆ ಇವನು ಯಾರು? ಮಾತಿಗೆ ತಡವರಿಸುವ ಒಬ್ಬ ಮನೆ ಮಾಲೀಕ. ಬೀಗದ ಕೈಯನ್ನು ದಿವಾನದ ಮೇಲಿಟ್ಟಳು.

"ನಾನು ಹೊದಸಿಲ್ಲ, ಖರೆ," ಎಂದ ವಾಸುದೇವ, ಈ ಸಲ ಚಪ್ಪಲಿ ನೋಡದೆ. "ಆದ್ರ ನೀವು ಹೊದಸೀರಿ ಅಂತ ದಿನಾ ಸಂಜೀಕ ಗಡಿಬಿಡೀಲೆ ಮನೀಗೆ ಬರ್ತಿದ್ದೆ."

"ಈಗ ಗೊತ್ತಾತಲ್ರಿ. ಇನ್ನ ಗಡಿಬಿಡಿ ಇರಂಗಿಲ್ಲ."

ಅವನು ಏನೋ ಹೇಳುವಷ್ಟರಲ್ಲಿ ಅವಳ ದೃಷ್ಟಿ ಥರ್ಮಾಮೀಟರಿಗೆ ಹೋಯಿತು. ಪಾರಿವಾಳದ ಬಣ್ಣದ ಮೋಡ ಕವಿದ ದಿನ, ಕರೆಂಟಿನ ಸುಳಿವಿಲ್ಲ, ನೀರು ತಣ್ಣಗಾಗುತ್ತಿತ್ತು. ಒಂದು ಮೀನಿನ ಮೈ ಆಗಲೇ ಕಪ್ಪಿಟ್ಟಿತ್ತು. ಜಗಳಕ್ಕೆ ಪುರುಸೊತ್ತಿರಲಿಲ್ಲ. ಅವನು ಅಡುಗೆಮನೆಗೆ ಓಡಿ ಗ್ಯಾಸ್ ಮೇಲೆ ನೀರಿಟ್ಟ. ಅವಳು ಕರೆಂಟು ಬಂದರೆ ಶಾಕ್ ಹೊಡೆಯಬಾರದೆಂದು ಹೀಟರುಗಳ ಪ್ಲಗ್ ಕಿತ್ತು, ಖಾಲಿ ಬಾಟಲಿಗಳಿಗೆ ಬಿಸಿನೀರು ತುಂಬಿ, ಕೌದಿಯ ಮೇಲಂಚು ಸರಿಸಿ ಒಂದೊಂದಾಗಿ ತೇಲಿಬಿಟ್ಟಳು.

ಕೊನೆಯ ಬಾಟಲಿ ಮೂಲೆಗೆ ಸಿಕ್ಕಿಕೊಂಡಿತು. ಅವಳು ಮೊಳಕೈವರೆಗೆ ಕೈ ಇಳಿಸಿದಳು. ನೀರಿನೊಳಗೆ ಒಂದು ಕೈ ಬಂದು ಅವಳ ಕೈ ಹಿಡಿಯಿತು, ಮೆತ್ತಗೆ, ಬಿಸಿಯಾಗಿ. ನಲಿನಿಗೆ ಕಣ್ಣು ತುಂಬಿತು. ಯಾರು ಹೊದಿಸಿದರೇನು, ಹೀಗೆ ಹಿಡಿಯಬಲ್ಲವನ ಮೇಲೆ ಎಂಥ ಸಿಟ್ಟು?

"ನಾಳೆ ನಮ್ಮ ಅಣ್ಣಗ ಉಹೂಂ ಅಂತೀನ್ರಿ," ಎಂದಳು, ತಲೆ ಎತ್ತದೆ. "ನನಗ ನೀವು ಬೇಕು."

ತಲೆ ಎತ್ತಿದಳು. ವಾಸುದೇವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ, ಎರಡೂ ಕೈಯಲ್ಲಿ ಬಿಸಿನೀರಿನ ಪಾತ್ರೆ ಹಿಡಿದು. ಎಲ್ಲವನ್ನೂ ಕೇಳಿಸಿಕೊಂಡಿದ್ದ.

ನೀರಿನೊಳಗೆ ಆ ಕೈ ನಲಿನಿಯ ಕೈಯನ್ನು ಇನ್ನೂ ಹಿಡಿದೇ ಇತ್ತು. ಕೈ ಕಿತ್ತುಕೊಳ್ಳಬೇಕೆನಿಸಿತು, ಕಿತ್ತುಕೊಳ್ಳಲಿಲ್ಲ. ಹಿಡಿತದಲ್ಲಿ ಕೇಡಿರಲಿಲ್ಲ, ಹೊಸದಾಗಿ ಬಂದವಳಿಗೆ ಮನೆ ತೋರಿಸುವ ಹಿರಿಯಳ ಹಿಡಿತ ಅದು.

"ಪಾತ್ರೆ ಕೆಳಗಿಡ್ರಿ," ಎಂದಳು. "ನಿಮ್ಮ ಕೈ ಇಲ್ಲಿ ತರ್ರಿ."

ಅವನು ಬಂದು ಪಕ್ಕದಲ್ಲಿ ನಿಂತು, ಅಂಗಿಯ ತೋಳು ಮಡಚದೆಯೇ ಕೈ ಇಳಿಸಿದ. ನೀರಿನಲ್ಲಿ ಏನೂ ಕಾಣುತ್ತಿರಲಿಲ್ಲ, ಅವರಿಬ್ಬರ ಕೈಗಳ ಹೊರತು. ಆದರೆ ಅವನ ಉಸಿರು ನಿಂತಿತು. ಆ ಬಿಸಿ ಕೈ ನಲಿನಿಯ ಕೈಯನ್ನು ಎಳೆದು ಅವನ ಅಂಗೈಯಲ್ಲಿಟ್ಟಿತು. ಆಮೇಲೆ ಬೆರಳು ಬೆರಳಾಗಿ ಬಿಟ್ಟಿತು.

"ಹೋದಳೇನು?" ಎಂದ ವಾಸುದೇವ.

"ಹೋದ್ರು."

ಅವನ ನೆಂದ ತೋಳಿನಿಂದ ನೆಲಕ್ಕೆ ನೀರು ಹನಿಯುತ್ತಿತ್ತು.

"ನೀವು?"

"ನಾ ಎಲ್ಲಿಗೂ ಹೋಗಂಗಿಲ್ರಿ," ಎಂದಳು ನಲಿನಿ. "ಹಿಡಕೊಳ್ರಿ, ನೀರು ತಣ್ಣಗಾಗಾಕತ್ತೈತಿ."