ಹನ್ನೊಂದು ವರ್ಷದ ಬಾಡಿಗೆ ರಸೀದಿ

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಮನುಷ್ಯನ ಅವತಾರ ನೋಡಿದರೆ ಅವನ ಮನೆಯನ್ನೇ ಯಾರೋ ಹೊತ್ತುಕೊಂಡು ಹೋಗಿರಬೇಕು ಅನ್ನಿಸುವಂತಿತ್ತು. ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ.

“ನನ್ನ ಸಹಿ ಕದ್ದಿದ್ದಾರೆ ಸಾರ್!”

ಅವನಿಗೆ ಮೂರು ಮನೆ. ಒಂದರಲ್ಲಿ ತಾನಿದ್ದು ಉಳಿದೆರಡನ್ನು ಬಾಡಿಗೆಗೆ ಬಿಟ್ಟಿದ್ದ. ಹಿಂಬದಿಯ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಹೆಂಗಸು. ಅವಳು ಎರಡು ಕೋಣೆಯ ಸ್ವಂತ ಮನೆಯೊಂದನ್ನು ಕೊಳ್ಳಲು ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದ್ದಳು. ಸಂಬಳ ಕಡಿಮೆ, ಹಾಗಾಗಿ ಮೂರು ವರ್ಷ ತಪ್ಪದೆ ಬಾಡಿಗೆ ಕಟ್ಟಿದ ರಸೀದಿ ತನ್ನಿ ಎಂದಿತ್ತು ಬ್ಯಾಂಕು. ಅವಳು ಹನ್ನೊಂದು ವರ್ಷದ್ದನ್ನೂ ಕಂತೆ ಕಟ್ಟಿ ಕೊಟ್ಟಿದ್ದಳು. ಮ್ಯಾನೇಜರಿಗೆ ಅನುಮಾನ ಬಂದು ಮಾಲೀಕನಿಗೆ ಫೋನ್ ಮಾಡಿದ್ದ.

“ನಾನು ಜನ್ಮದಲ್ಲಿ ಯಾರಿಗೂ ರಸೀದಿ ಕೊಟ್ಟವನಲ್ಲ,” ಎಂದ ಮಾಲೀಕ, ಅದೇನೋ ಪದಕ ಗೆದ್ದವನಂತೆ.

“ಯಾಕೆ ಕೊಟ್ಟಿಲ್ಲ?”

“ನಮ್ಮಲ್ಲಿ ಎಲ್ಲಾ ನಂಬಿಕೆ ಮೇಲೆ ಸಾರ್.”

ನಂಬಿಕೆಯಂತೆ ನಂಬಿಕೆ! ತೆರಿಗೆಯವರ ಕಣ್ಣಿಗೆ ಬೀಳಬಾರದು ಎಂದು ಬಾಯಿಬಿಟ್ಟು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಇನ್‌ಸ್ಪೆಕ್ಟರಿಗೆ ಮೈ ಉರಿಯಿತು. ಆದರೆ ದೂರು ದೂರೇ. ಹನ್ನೊಂದು ಐದಕ್ಕೆ ಖೋಟಾ ಸಹಿಯ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು.

ಹನ್ನೆರಡೂವರೆಗೆ ಇನ್‌ಸ್ಪೆಕ್ಟರ್ ಮಹಿಳಾ ಪೇದೆಯನ್ನು ಕರೆದುಕೊಂಡು ಬ್ಯಾಂಕಿಗೆ ಹೋದರು. ಮ್ಯಾನೇಜರನ ಗಾಜಿನ ಕೋಣೆಯಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ಬರೆದು ನೂರಮೂವತ್ತೆರಡು ರಸೀದಿಗಳನ್ನು ವಶಪಡಿಸಿಕೊಂಡರು. ಅರ್ಜಿ ತಿರುವಿ ಹಾಕುವಾಗ ಒಂದು ಸಾಲು ಕಣ್ಣಿಗೆ ಬಿತ್ತು.

“ಸಾಲದ ಕಂತು ಬಾಡಿಗೆಗಿಂತ ಕಡಿಮೆ ಇದೆಯಲ್ರೀ?”

“ಹೌದು ಸಾರ್.”

“ಮತ್ತೆ ಬಾಡಿಗೆ ಕಟ್ಟೋಳಿಗೆ ಕಂತು ಕಟ್ಟೋಕಾಗಲ್ವಾ?”

“ಆಗುತ್ತೆ. ಆದ್ರೆ ಬಾಡಿಗೆ ಕಟ್ತಿದ್ದಾಳೆ ಅನ್ನೋದಕ್ಕೆ ದಾಖಲೆ ಬೇಕಲ್ಲ ಸಾರ್. ಮನೆ ಮಾರೋರು ಈ ಶನಿವಾರದವರೆಗೆ ಮಾತ್ರ ಕಾಯ್ತಾರಂತೆ. ನಾನೇನು ಮಾಡ್ಲಿ, ರೂಲ್ಸು.”

ಹನ್ನೊಂದು ವರ್ಷ ಹೆಚ್ಚು ದುಡ್ಡು ಕಟ್ಟಿದವಳು ಕಡಿಮೆ ದುಡ್ಡು ಕಟ್ಟಲಾರಳು ಎಂದು ಹೇಳುವ ರೂಲ್ಸನ್ನು ಬರೆದವನು ಯಾವ ಮಹಾನುಭಾವನೋ! ಇನ್‌ಸ್ಪೆಕ್ಟರ್ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಹೊರಬಂದರು.

ಜೀಪಿನಲ್ಲಿ ಕೂತು ರಸೀದಿಗಳನ್ನು ಒಂದೊಂದಾಗಿ ನೋಡಿದರು. ಎಲ್ಲವೂ ಒಂದೇ ಪೆನ್ನು, ಒಂದೇ ಕೈಬರಹ. ಕಳ್ಳ ಸಿಕ್ಕಿದ ಹಾಗೇ ಅಂದುಕೊಳ್ಳುವಷ್ಟರಲ್ಲಿ ತಾರೀಖುಗಳು ತಡೆದು ನಿಲ್ಲಿಸಿದವು. ಒಂದು ತಿಂಗಳು ಏಳು, ಇನ್ನೊಂದು ತಿಂಗಳು ಮೂರು, ಮತ್ತೊಂದು ಕಡೆ ಹತ್ತೊಂಬತ್ತು. ಒಂದು ತಿಂಗಳಿಗಂತೂ ಎರಡು ಸಲವಾಗಿ ಕೊಟ್ಟದ್ದು ಎಂದು ಬರೆದಿತ್ತು.

“ಸುಳ್ಳು ಬರೆಯೋರು ಇಷ್ಟು ಕಷ್ಟ ಪಡ್ತಾರಾ?” ಎಂದರು ಪೇದೆಗೆ. “ಎಲ್ಲಾದಕ್ಕೂ ಐದನೇ ತಾರೀಖು ಅಂತ ಗೀಚಿ ಬಿಸಾಕಲ್ವಾ?”

“ಹೌದಲ್ವಾ ಸಾರ್,” ಎಂದಳು ಪೇದೆ. “ಮನೆ ಸಾಲ ಬೇಕು ಅನ್ನೋರು ತಡವಾಗಿ ಕಟ್ಟಿದ್ದನ್ನ ಯಾಕೆ ತೋರಿಸ್ತಾರೆ?”

ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯ ಲಾಂಡ್ರಿ. ಹಬೆಯಲ್ಲಿ ಉಸಿರಾಡುವುದೇ ಕಷ್ಟ. ಆ ಹೆಂಗಸು ಹಾಸಿಗೆಯ ಹೊದಿಕೆಗಳ ರಾಶಿಯ ಮುಂದೆ ನಿಂತಿದ್ದಳು. ಖಾಕಿ ಕಂಡದ್ದೇ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು.

“ಈ ಹತ್ತೊಂಬತ್ತನೇ ತಾರೀಖು ಯಾಕೆ?”

ಇನ್‌ಸ್ಪೆಕ್ಟರ್ ಚಾಚಿದ ರಸೀದಿಯನ್ನು ಅವಳು ತಿರುಗಿಸಿ ನೋಡಿದಳು. “ಆ ತಿಂಗಳು ಅಮ್ಮ ಇಲ್ಲೇ ವಾರ್ಡಿನಲ್ಲಿದ್ರು. ದುಡ್ಡು ಹೊಂದಿಸೋಕೆ ತಡ ಆಯ್ತು. ನನಗೇ ಮರೆತುಹೋಗಿತ್ತು ಸಾರ್.”

“ನಿಮಗೇ ಮರೆತಿದ್ದನ್ನ ಬರೆದೋರು ಯಾರು?”

“ಓನರ್ ಮನೆಯಿಂದ ಬಂತು.”

“ಯಾರ ಕೈಯಿಂದ?”

ಎಷ್ಟು ಕೇಳಿದರೂ ಅವಳು ಅದೊಂದನ್ನು ಹೇಳಲಿಲ್ಲ. “ಶನಿವಾರ ದಾಟಿದ್ರೆ ಆ ಮನೆ ಬೇರೆಯವರಿಗೆ ಹೋಗುತ್ತೆ ಸಾರ್,” ಎಂದಷ್ಟೇ ಹೇಳಿ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು.

ಠಾಣೆಗೆ ಮರಳಿ ಮಾಲೀಕನಿಗೆ ಫೋನ್ ಮಾಡಿದರು. “ಬಾಡಿಗೆ ಯಾರು ಇಸ್ಕೊಳ್ತಿದ್ರು?”

“ನಾನ್ಯಾಕೆ ಸಾರ್ ಅವಳ ಹತ್ರ ಮಾತಾಡ್ಲಿ? ಮನೇಲಿ ಹೆಂಡ್ತಿ ಇಸ್ಕೊಂಡು ನನಗೆ ಕೊಡ್ತಿದ್ಲು.”

ಮಂಗಳವಾರ ಮೂರೂವರೆಗೆ ಇನ್‌ಸ್ಪೆಕ್ಟರ್, ಪೇದೆ ಇಬ್ಬರೂ ಮಾಲೀಕನ ಮನೆಯ ಅಡುಗೆಮನೆಯಲ್ಲಿದ್ದರು. ಬಾಗಿಲ ಹಿಂದೆ ಒಂದೇ ಮೊಳೆಗೆ ಹನ್ನೆರಡು ಕ್ಯಾಲೆಂಡರುಗಳು ಒಂದರ ಮೇಲೊಂದು ನೇತಾಡುತ್ತಿದ್ದವು. ಹಾಲು ಬಾರದ ದಿನಕ್ಕೆ ಅಡ್ಡಗೆರೆ, ಗ್ಯಾಸ್ ಬಂದ ದಿನಕ್ಕೆ ಸೊನ್ನೆ, ಬಾಡಿಗೆ ಬಂದ ದಿನಕ್ಕೆ ‘ಹಿಂದಿನ ಮನೆ’ ಎಂಬ ಬರಹ. ಪೇದೆ ಒಂದೊಂದು ರಸೀದಿ ಓದಿದಳು, ಇನ್‌ಸ್ಪೆಕ್ಟರ್ ಹಾಳೆ ತಿರುವಿದರು. ನೂರಮೂವತ್ತೆರಡರಲ್ಲಿ ಒಂದೂ ತಪ್ಪಿರಲಿಲ್ಲ.

ಮಾಲೀಕನ ಹೆಂಡತಿ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ತಾನಾಗಿಯೇ ಮುಂದೆ ಬಂದಳು.

“ನಾನೇ ಬರ್ದಿದ್ದು. ಮನೆಯವರು ಸಹಿ ಹಾಕಿದ್ದಾರೆ ಅಂತ ಹೇಳಿ ಕೊಟ್ಟೆ. ಆ ಹುಡುಗಿಗೇನೂ ಗೊತ್ತಿಲ್ಲ.”

“ಸಹಿ?”

“ಮಕ್ಕಳ ಮಾರ್ಕ್ಸ್ ಕಾರ್ಡಿಗೆಲ್ಲ ಇವರ ಸಹಿ ನಾನೇ ಹಾಕಿದ್ದು ಸಾರ್. ಆಗ ಯಾರೂ ಪೊಲೀಸರನ್ನ ಕರೀಲಿಲ್ಲ.”

ಮಹಿಳಾ ಪೇದೆಗೆ ನಗು ತಡೆಯಲಾಗಲಿಲ್ಲ. ಅವಳು ಮುಖ ಆಚೆ ತಿರುಗಿಸಿಕೊಂಡಳು.

“ಬ್ಯಾಂಕಿನೋರು ಮೂರು ವರ್ಷದ್ದು ಕೇಳಿದ್ರೆ ಹನ್ನೊಂದು ವರ್ಷದ್ದು ಯಾಕಮ್ಮ ಬರೆದ್ರಿ? ಅದಕ್ಕೇ ಸಿಕ್ಕಿಬಿದ್ರಿ.”

“ಅವಳು ಕೊಟ್ಟಿದ್ದು ಹನ್ನೊಂದು ವರ್ಷ. ಎಂಟು ವರ್ಷದ್ದನ್ನ ಹೇಗೆ ಬಿಡ್ಲಿ?”

ಕ್ಯಾಲೆಂಡರುಗಳಿಗೆ ಪಂಚನಾಮೆಯಾಯಿತು. ನಾಲ್ಕು ನಲವತ್ತಕ್ಕೆ ಮಹಿಳಾ ಪೇದೆಯ ಸಮ್ಮುಖದಲ್ಲಿ ಆರೋಪಿಯನ್ನು ಬಂಧಿಸಲಾಯಿತು. ಸುದ್ದಿ ತಿಳಿದು ಮಾಲೀಕ ಏದುಸಿರು ಬಿಡುತ್ತ ಠಾಣೆಗೆ ಓಡಿಬಂದ.

“ಬಿಟ್ಬಿಡಿ ಸಾರ್, ದೂರು ವಾಪಸ್ ತಗೋತೀನಿ!”

“ಎಫ್‌ಐಆರ್ ಏನು ಅಂಗಡಿ ಸಾಮಾನಾ, ವಾಪಸ್ ಕೊಡೋಕೆ? ಕೂತ್ಕೊಳ್ರಿ. ಈ ತಾರೀಖುಗಳಲ್ಲಿ ಬಾಡಿಗೆ ಬಂದಿದ್ದು ಸುಳ್ಳಾ?”

“ದುಡ್ಡು ಬಂದಿದ್ದು ನಿಜ ಸಾರ್. ರಸೀದಿ ಮಾತ್ರ ಸುಳ್ಳು.”

“ಅದನ್ನೇ ಹೇಳಿಕೆ ಅಂತ ಬರೆದುಕೊಡ್ರಿ. ಹನ್ನೊಂದು ವರ್ಷದ್ದೂ.”

ಹೆಂಡತಿ ಪಕ್ಕದ ಕೋಣೆಯ ಬೆಂಚಿನ ಮೇಲೆ ಕೂತಿದ್ದಳು. ಮಾಲೀಕ ಬೆವರು ಒರೆಸಿಕೊಂಡು ಬರೆದ, ಸಹಿ ಹಾಕಿದ. ಆಕೆಗೆ ಠಾಣೆಯಲ್ಲೇ ಜಾಮೀನು ಸಿಕ್ಕಿತು, ಪ್ರತಿ ಸೋಮವಾರ ಬಂದು ಸಹಿ ಹಾಕಬೇಕೆಂಬ ಷರತ್ತಿನ ಮೇಲೆ.

ಬುಧವಾರ ಇನ್‌ಸ್ಪೆಕ್ಟರ್ ತಾವೇ ಬ್ಯಾಂಕಿಗೆ ಹೋಗಿ ಆ ಹೇಳಿಕೆಯ ದೃಢೀಕೃತ ಪ್ರತಿಯನ್ನು ಮ್ಯಾನೇಜರನ ಮೇಜಿನ ಮೇಲೆ ಇಟ್ಟರು. ಖೋಟಾ ದಾಖಲೆ ಕೊಟ್ಟವರ ಅರ್ಜಿ ವಜಾ ಆಗುತ್ತದೆ ಎಂದು ಅವನು ರಾಗ ಎಳೆದ.

“ಅವಳು ಆರೋಪಿ ಅಲ್ಲ. ನಿಮಗೆ ದಾಖಲೆ ಬೇಕಿತ್ತು, ಓನರೇ ಠಾಣೆಯಲ್ಲಿ ಬರೆದುಕೊಟ್ಟ ದಾಖಲೆ ಇದು. ಇದೂ ಸಾಲದು ಅನ್ನೋದಾದ್ರೆ ಯಾಕೆ ಅಂತ ಬರೆದುಕೊಡಿ, ಕೇಸಿನ ಫೈಲಿಗೆ ಸೇರಿಸ್ತೀನಿ.”

ಶುಕ್ರವಾರ ಸಂಜೆ ಸಾಲ ಮಂಜೂರಾಯಿತು.

ಮುಂದಿನ ಸೋಮವಾರ ಹತ್ತು ಗಂಟೆಗೆ ಮಾಲೀಕನ ಹೆಂಡತಿ ಠಾಣೆಗೆ ಬಂದಳು. ಪುಸ್ತಕದ ಮುಂದೆ ಪೆನ್ನು ಹಿಡಿದು, “ಇಲ್ಲಿ ನಂದೇ ಹಾಕ್ಬೇಕಲ್ವಾ?” ಎಂದು ಕೇಳಿದಳು.

“ನಿಮ್ಮದೇ ಹಾಕಿ,” ಎಂದರು ಇನ್‌ಸ್ಪೆಕ್ಟರ್. “ಒಂದು ಕೇಳ್ತೀನಿ, ಇದು ಫೈಲಿಗಲ್ಲ. ನಿಮಗ್ಯಾಕಮ್ಮ ಬೇಕಿತ್ತು ಇದು?”

“ಮೊದಲು ಅವಳೇ ಬಂದು ಇವರನ್ನ ರಸೀದಿ ಕೇಳಿದ್ಲು ಸಾರ್. ಇವರು ಊಟ ಮಾಡ್ತಾ, ‘ನೀನು ಬಾಡಿಗೆ ಕೊಟ್ಟಿದ್ದಕ್ಕೆ ಏನು ಗ್ಯಾರಂಟಿ?’ ಅಂತ ನಕ್ರು. ಪಕ್ಕದಲ್ಲೇ ಬಡಿಸ್ತಾ ನಿಂತಿದ್ದೆ. ಆ ದುಡ್ಡೆಲ್ಲ ಈ ಕೈಯಲ್ಲಿ ಇಸ್ಕೊಂಡಿದ್ದೋಳು ನಾನು. ಅವಳು ಹಾಗೇ ತಿರುಗಿ ಹೋದ್ಲು.”

ಅವಳು ತಲೆ ತಗ್ಗಿಸಿ ನಿಧಾನವಾಗಿ ತನ್ನ ಹೆಸರು ಬರೆದಳು. ಅಭ್ಯಾಸವಿಲ್ಲದ ಸಹಿ, ಗೆರೆ ದಾಟಿ ಕೆಳಗೆ ಇಳಿದಿತ್ತು.

“ನಾನೂ ಮೂವತ್ತೆರಡು ವರ್ಷದಿಂದ ಇವರ ಮನೇಲೇ ಇದ್ದೀನಿ ಸಾರ್. ನಾಳೆ ನನ್ನನ್ನೂ ಹಾಗೇ ಕೇಳಿದ್ರೆ ತೋರಿಸೋಕೆ ನನ್ನ ಹತ್ರ ಒಂದು ಚೀಟಿನೂ ಇಲ್ಲ.”